ಗ್ರಾಫಿಕ್ಸ್ ಕಾರ್ಡ್ ಜೊತೆ ಎಸ್‌ಎಂಪಿಎಸ್ ಬಗ್ಗೆಯೂ ಬರೆಯಿರಿ

ಸಂಪಾದಕರೇ, ನಮಸ್ಕಾರ.

ಹಳೇ ಕಂಪ್ಯೂಟರಿಗೆ ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿಸಿಕೊಳ್ಳುವ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಬರಹ ಓದಿದೆ. ಯಾವ ಕಾರ್ಡ್ ಎಷ್ಟು ಫಾಸ್ಟ್, ಎಷ್ಟು ಮೆಮೊರಿ ಬೇಕು ಅಂತೆಲ್ಲ ಚೆನ್ನಾಗಿ ಹೇಳಿದ್ದಾರೆ. ಆದರೆ ಆ ಕಾರ್ಡಿಗೆ ಕರೆಂಟ್ ಕೊಡುವ ಎಸ್‌ಎಂಪಿಎಸ್ (ಕಂಪ್ಯೂಟರಿನೊಳಗಿನ ಪವರ್ ಸಪ್ಲೈ ಡಬ್ಬಿ) ಬಗ್ಗೆ ಒಂದು ಸಾಲೂ ಇರಲಿಲ್ಲ. ಅದಕ್ಕೇ ಈ ಪತ್ರ.

ನಮ್ಮ ಮನೆಯಲ್ಲಿ ಆದದ್ದು ಹೇಳುತ್ತೇನೆ. ಮಗಳು ವಿಡಿಯೊ ಎಡಿಟಿಂಗ್ ಕಲಿಯುತ್ತಿದ್ದಾಳೆ. ಅವಳಿಗಾಗಿ 220 ವ್ಯಾಟ್ ಎಳೆಯುವ ಕಾರ್ಡ್ ತಂದೆವು. ಎಸ್‌ಎಂಪಿಎಸ್ ಹಳೆಯದು, ಮೇಲೆ ದಪ್ಪಕ್ಷರದಲ್ಲಿ 450 ವ್ಯಾಟ್ ಅಂತ ಇತ್ತು. ಕಾರ್ಡ್ ಮಾರಿದವರೂ ‘450 ಇದೆಯಲ್ಲ, ಸಾಕು’ ಅಂದರು. ಮೊದಲ ದಿನ ಏನೂ ಗೊತ್ತಾಗಲಿಲ್ಲ. ಮಾರನೇ ದಿನ ಅರ್ಧ ಗಂಟೆ ರೆಂಡರ್ (ಎಡಿಟ್ ಮಾಡಿದ್ದನ್ನು ಕಂಪ್ಯೂಟರ್ ಪೂರ್ತಿ ವಿಡಿಯೊ ಆಗಿ ತಯಾರಿಸುವ ಕೆಲಸ) ಆಗುವಷ್ಟರಲ್ಲಿ ಹಿಂದಿನ ಜಾಲರಿಯಿಂದ ಬಿಸಿಗಾಳಿ, ಫ್ಯಾನಿನ ಜೋರು ಸದ್ದು, ಪ್ಲಾಸ್ಟಿಕ್ ಕಾದ ವಾಸನೆ, ಆಮೇಲೆ ಟಕ್ ಅಂತ ಆಫ್. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಆನ್ ಆಗುತ್ತಿತ್ತು. ಬರೀ ಬ್ರೌಸಿಂಗ್ ಮಾಡಿದರೆ ತೊಂದರೆಯೇ ಇಲ್ಲ! ಕಾರ್ಡೇ ಕೆಟ್ಟಿದೆ ಅಂದುಕೊಂಡು ಅದರ ಟೆಂಪರೇಚರ್ ನೋಡಿದರೆ 70 ಡಿಗ್ರಿ, ಸರಿಯಾಗೇ ಇತ್ತು. ಧೂಳು ತೆಗೆದೆವು, ಅದರಿಂದಲೂ ಏನೂ ಆಗಲಿಲ್ಲ.

ಕೊನೆಗೆ ಎಸ್‌ಎಂಪಿಎಸ್ ಮೇಲಿನ ಲೇಬಲ್ಲನ್ನು ಪೂರ್ತಿ ಓದಿದೆ. 12 ವೋಲ್ಟ್ ಸಾಲಿನಲ್ಲಿ 25 ಆಂಪ್ ಅಂತ ಇತ್ತು. ಅಂದರೆ 12 × 25, 300 ವ್ಯಾಟ್ ಅಷ್ಟೇ. ಉಳಿದದ್ದೆಲ್ಲ 3.3 ಮತ್ತು 5 ವೋಲ್ಟ್ ಲೆಕ್ಕ, ಈಗಿನ ಕಂಪ್ಯೂಟರ್ ಅದನ್ನು ಜಾಸ್ತಿ ಬಳಸುವುದೇ ಇಲ್ಲ. ಗ್ರಾಫಿಕ್ಸ್ ಕಾರ್ಡ್, ಪ್ರೊಸೆಸರ್ ಎರಡೂ ಕರೆಂಟ್ ಎಳೆಯುವುದು 12 ವೋಲ್ಟ್‌ನಿಂದ. ಕಾರ್ಡ್ 220, ಪ್ರೊಸೆಸರ್ 95, ಅಲ್ಲಿಗೇ 315 ಆಯಿತು. ಇದರ ಮೇಲೆ ಕಾರ್ಡ್ ಆಗಾಗ ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತು ತನ್ನ ಲೆಕ್ಕಕ್ಕಿಂತ ತುಂಬಾ ಜಾಸ್ತಿ ಎಳೆಯುತ್ತದೆ. 2022ರಲ್ಲಿ ಎಸ್‌ಎಂಪಿಎಸ್‌ಗಳಿಗಾಗಿ ಬಂದ ಎಟಿಎಕ್ಸ್ 3.0 ನಿಯಮದಲ್ಲಿ ಇಂಥ ಎಳೆತ ತಡೆದುಕೊಳ್ಳುವ ಷರತ್ತು ಸೇರಿದ್ದು ಇದಕ್ಕೇ.

ಬಿಸಿಯ ಲೆಕ್ಕವೂ ಕಷ್ಟದ್ದಲ್ಲ. 80 ಪರ್ಸೆಂಟ್ ಎಫಿಷಿಯೆನ್ಸಿ ಇರುವ ಎಸ್‌ಎಂಪಿಎಸ್ 315 ವ್ಯಾಟ್ ಕೊಡಬೇಕಾದರೆ ಗೋಡೆಯ ಪ್ಲಗ್‌ನಿಂದ ಸುಮಾರು 394 ತೆಗೆದುಕೊಳ್ಳುತ್ತದೆ. ಮಧ್ಯದ 79 ವ್ಯಾಟ್ ಆ ಪುಟ್ಟ ಡಬ್ಬಿಯೊಳಗೇ ಶಾಖವಾಗುತ್ತದೆ. 90 ಪರ್ಸೆಂಟಿನದ್ದಾದರೆ 35 ವ್ಯಾಟ್ ಅಷ್ಟೇ. ಒಳಗಿರುವ ಕೆಪಾಸಿಟರ್‌ಗಳ (ಕರೆಂಟನ್ನು ಸ್ವಲ್ಪ ಹೊತ್ತು ಹಿಡಿದಿಡುವ ಬಿಡಿಭಾಗಗಳು) ಆಯಸ್ಸು ಪ್ರತಿ 10 ಡಿಗ್ರಿ ಬಿಸಿ ಏರಿದಾಗ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ, ಹಾಗಾಗಿ ಹಳೇ ಎಸ್‌ಎಂಪಿಎಸ್ ಮೇಲೆ ಬರೆದಷ್ಟು ಶಕ್ತಿ ಈಗಲೂ ಅದರಲ್ಲಿ ಉಳಿದಿದೆ ಅಂತ ನಂಬುವ ಹಾಗೂ ಇಲ್ಲ.

ನನಗೆ ನಿಜವಾಗಿ ಭಯವಾದದ್ದು ಅಡಾಪ್ಟರ್ ನೋಡಿದಾಗ. ಕಾರ್ಡಿಗೆ ಕರೆಂಟ್ ಕೊಡಲು 8 ಪಿನ್ನಿನ ಕನೆಕ್ಟರ್ ಬೇಕಿತ್ತು, ಹಳೇ ಎಸ್‌ಎಂಪಿಎಸ್‌ನಲ್ಲಿ ಅದು ಇರಲಿಲ್ಲ. ಹಾರ್ಡ್ ಡಿಸ್ಕಿಗೆ ಹೋಗುವ ಸಾಟಾ ವೈರಿನಿಂದ ಅಡಾಪ್ಟರ್ ಹಾಕಿದ್ದರು. 8 ಪಿನ್ನಿನಿಂದ ಕಾರ್ಡ್ 150 ವ್ಯಾಟ್‌ವರೆಗೆ ಎಳೆಯಬಹುದು. ಸಾಟಾ ಕನೆಕ್ಟರ್ 12 ವೋಲ್ಟ್‌ನಲ್ಲಿ ತಡೆಯುವುದು 54 ವ್ಯಾಟ್. ತೆಗೆದು ನೋಡಿದರೆ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿತ್ತು. ಆ ವಾಸನೆ ಅಲ್ಲಿಂದಲೇ ಬರುತ್ತಿದ್ದದ್ದು. ರಾತ್ರಿ ರೆಂಡರ್‌ಗೆ ಹಾಕಿ ಮಲಗುವುದು ಮಗಳ ಅಭ್ಯಾಸ. ಅವತ್ತು ಹಗಲಾಗಿತ್ತು, ಅವಳು ಪಕ್ಕದಲ್ಲೇ ಇದ್ದಳು.

ಈಗ 12 ವೋಲ್ಟ್‌ನಲ್ಲೇ 54 ಆಂಪ್ ಕೊಡುವ 650 ವ್ಯಾಟಿನದ್ದು ಹಾಕಿದ್ದೇವೆ. ಗಂಟೆಗಟ್ಟಲೆ ಕೆಲಸ ಮಾಡಿದರೂ ಹಿಂದೆ ಬರುವ ಗಾಳಿ ಬರೀ ಬೆಚ್ಚಗಿರುತ್ತದೆ. ಬದಲಿಸುವವರು ಹಳೇ ಎಸ್‌ಎಂಪಿಎಸ್‌ನ ವೈರುಗಳನ್ನು ಹೊಸದಕ್ಕೆ ಸಿಕ್ಕಿಸಬೇಡಿ, ನೋಡಲು ಒಂದೇ ತರ ಇದ್ದರೂ ಪಿನ್ನುಗಳ ಜೋಡಣೆ ಬೇರೆ ಇರಬಹುದು. ಸುಮ್ನೆ ಕುತೂಹಲಕ್ಕೆ ಡಬ್ಬಿ ಬಿಚ್ಚುವುದೂ ಬೇಡ, ಪ್ಲಗ್ ತೆಗೆದ ಮೇಲೂ ಒಳಗೆ ಶಾಕ್ ಹೊಡೆಯುವಷ್ಟು ಕರೆಂಟ್ ಉಳಿದಿರುತ್ತದೆ.

ಕಾರ್ಡ್ ಮಾರುವವರು ‘ನಿಮ್ಮ ಎಸ್‌ಎಂಪಿಎಸ್‌ನಲ್ಲಿ 12 ವೋಲ್ಟಿಗೆ ಎಷ್ಟು ಆಂಪ್ ಇದೆ, 8 ಪಿನ್ ಇದೆಯಾ’ ಅಂತ ಒಂದು ಮಾತು ಕೇಳಬೇಕು ಅಲ್ವಾ? ನೀವೂ ಮುಂದಿನ ಬರಹದಲ್ಲಿ ಒಂದು ಲೇಬಲ್ಲಿನ ಫೋಟೊ ಹಾಕಿ, ಆ 12 ವೋಲ್ಟ್ ಸಾಲು ಎಲ್ಲಿರುತ್ತದೆ ಅಂತ ಗುರುತು ಮಾಡಿ ತೋರಿಸಿ.

ನಿಮ್ಮ ಓದುಗ