ಮಗಳಿಗೊಂದು ಪತ್ರ: ಹಳೇ ವ್ಯಾಗನ್ ಆರ್ ಇಟ್ಟುಕೊಳ್ಳೋದಾ, ಬಿಡೋದಾ?

ಪ್ರೀತಿಯ ಪುಟ್ಟಿ,

ಗ್ಯಾರೇಜಿನವರ ರಿಪೇರಿ ಎಸ್ಟಿಮೇಟ್ ನೋಡಿದೆ. 58,000 ರೂಪಾಯಿ. ಮಾರಿದರೆ ಒಂದೂವರೆ ಲಕ್ಷವೂ ಹುಟ್ಟದ ಕಾರಿಗೆ ಇಷ್ಟು ಹಾಕಬೇಕಾ ಅಂತ ಕೇಳಿದ್ದೀಯ. ಅಪ್ಪ ವಿಷಯ ಕೇಳಿದ ಕೂಡಲೇ "ಮಾರಿಬಿಡಲಿ" ಅಂದರು. ನನಗೆ ಅಷ್ಟು ಅವಸರ ಕಾಣುವುದಿಲ್ಲ.

ಮಾರುವ ಬೆಲೆ ಇಟ್ಟುಕೊಂಡು ಲೆಕ್ಕ ಹಾಕಬೇಡ. ಈ ಕಾರು ಬಿಟ್ಟರೆ ಇನ್ನೊಂದು ಕಾರು ಬೇಕೇ ಬೇಕು ಅಲ್ವಾ? 6 ಲಕ್ಷ ಸಾಲ, 9 ಪರ್ಸೆಂಟ್ ಬಡ್ಡಿ, 5 ವರ್ಷ ಅಂದರೆ ತಿಂಗಳ ಕಂತು ಸುಮಾರು 12,450 ರೂಪಾಯಿ. ಈ ಇಡೀ ರಿಪೇರಿ ಐದು ಕಂತಿಗಿಂತ ಕಡಿಮೆ. ಆಮೇಲೆ ಎರಡು ವರ್ಷ ತೊಂದರೆ ಕೊಡದೆ ಓಡಿದರೆ ನಿನಗೇ ಲಾಭ. ಆದರೆ ಓಡುತ್ತದಾ? ಅದನ್ನು ದುಡ್ಡು ಕೊಡುವ ಮೊದಲೇ ನೋಡಿಕೊಳ್ಳಬೇಕು.

ಮೊದಲು ಕಾರನ್ನು ಲಿಫ್ಟ್ ಮೇಲೆ ಹಾಕಿಸಿ ಅಡಿಭಾಗ ನೋಡು. ಮಂಗಳೂರಿನ ಉಪ್ಪು ಗಾಳಿ, ನಾಲ್ಕು ತಿಂಗಳ ಮಳೆ ಎರಡೂ ಸೇರಿ ಕಬ್ಬಿಣವನ್ನು ಗೆದ್ದಲಿನ ಹಾಗೆ ಒಳಗಿಂದ ತಿನ್ನುತ್ತವೆ. ಮೇಲೆ ಪೇಂಟ್ ಚೆನ್ನಾಗೇ ಇರುತ್ತದೆ. ಬಾಗಿಲ ಕೆಳಗಿನ ಪಟ್ಟಿ, ಚಕ್ರವನ್ನು ಬಾಡಿಗೆ ಜೋಡಿಸುವ ಸಸ್ಪೆನ್ಷನ್ ಕೂರುವ ಜಾಗ, ಮ್ಯಾಟ್ ಕೆಳಗಿನ ನೆಲ, ಈ ಮೂರು ಕಡೆ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿಸಿ ನೋಡು. ಪುಡಿ ಉದುರಿದರೆ, ತಗಡು ಒಳಗೆ ಹೋದರೆ ಅಲ್ಲಿಗೆ ನಿಲ್ಲಿಸಿಬಿಡು. ಎಂಜಿನ್ ಬಿಚ್ಚಿ ಕೂಡಿಸಬಹುದು, ಕ್ಲಚ್ ಹೊಸದು ಹಾಕಬಹುದು. ಸಸ್ಪೆನ್ಷನ್ ಹಿಡಿದುಕೊಂಡ ತಗಡೇ ಕೊಳೆತಿದ್ದರೆ ಟಿಂಕರಿಂಗ್‌ನವರು ತೇಪೆ ಹಾಕಿ ಕೊಡುತ್ತಾರೆ, ಆದರೆ ಅದನ್ನು ನಂಬಿಕೊಂಡು ನೀನು ಆಗುಂಬೆ ಘಾಟಿ ಹತ್ತುವುದು ನನಗೆ ಬೇಡ.

ಅಡಿಭಾಗ ಗಟ್ಟಿಯಿದ್ದರೆ ಎಂಜಿನ್ ವಿಷಯಕ್ಕೆ ಬಾ. ಹೆಡ್ ಗ್ಯಾಸ್ಕೆಟ್, ಅಂದರೆ ಎಂಜಿನ್ನಿನ ಮೇಲಿನ ಹೆಡ್‌ಗೂ ಕೆಳಗಿನ ಬ್ಲಾಕ್‌ಗೂ ನಡುವೆ ಕೂರುವ ಸೀಲ್, ಹೋಗಿದೆ ಅಂದಿದ್ದಾರೆ, ಸರಿ. ಆದರೆ ಯಾಕೆ ಹೋಯಿತು? ಎಂಜಿನ್ ಬಿಸಿಯಾಗಿ ಹೋಗಿರಬೇಕು. ಬಿಸಿಯಾದದ್ದು ಫ್ಯಾನ್ ತಿರುಗದೆಯೋ, ಬಿಸಿ ನೋಡಿ ನೀರು ಹರಿಯಲು ಬಿಡುವ ಥರ್ಮೋಸ್ಟಾಟ್ ಸಿಕ್ಕಿಕೊಂಡೋ, ವಾಟರ್ ಪಂಪ್ ಸೋರಿಯೋ, ಅದನ್ನು ಕೇಳು. ಕಾರಣ ಸರಿ ಮಾಡದೆ ಸುಮ್ನೆ ಗ್ಯಾಸ್ಕೆಟ್ ಬದಲಾಯಿಸಿದರೆ ಮತ್ತೆ ಹೋಗುತ್ತದೆ. ಹೆಡ್ ಅಲ್ಯೂಮಿನಿಯಂ, ಬಿಸಿಗೆ ಸೊಟ್ಟಗಾಗುತ್ತದೆ. ಅದನ್ನು ಉಜ್ಜಿ ಸಮ ಮಾಡುವ ಫೇಸಿಂಗ್ ಮಾಡಿಸುತ್ತಾರಾ, ಕೆಳಗಿನ ಬ್ಲಾಕ್ ಸಮ ಇದೆಯಾ ನೋಡುತ್ತಾರಾ, ಅದನ್ನೂ ಕೇಳು. ಆಯಿಲ್ ಮುಚ್ಚಳದ ಒಳಗೆ ಹಾಲು ಬೆರೆಸಿದ ಕಾಫಿಯ ಬಣ್ಣ ಬಂದಿದ್ದರೆ ಆಯಿಲ್‌ಗೆ ನೀರು ಸೇರಿರಬಹುದು, ಪರೀಕ್ಷೆ ಮಾಡಿಸು. ಹಾಗಾಗಿದ್ದರೆ ಬೇರಿಂಗ್ ಸವೆದಿರಬಹುದು, ಖರ್ಚು ಈ ಎಸ್ಟಿಮೇಟ್‌ಗೆ ನಿಲ್ಲುವುದಿಲ್ಲ.

ಎಸ್ಟಿಮೇಟ್‌ನಲ್ಲಿ ಡೆಂಟ್, ಪೇಂಟ್ ಅಂತ 8,000 ಇದೆ. ಅದನ್ನು ತೆಗೆಸಿಬಿಡು.

ಇನ್ನೊಂದು ಲೆಕ್ಕವನ್ನು ಗ್ಯಾರೇಜಿನವರು ಹೇಳುವುದಿಲ್ಲ. ಕಾರು ರಿಜಿಸ್ಟರ್ ಆದದ್ದು 2011ರ ನವೆಂಬರ್‌ನಲ್ಲಿ, ಈ ನವೆಂಬರ್‌ಗೆ 15 ವರ್ಷ. ಆರ್‌ಸಿ ನವೀಕರಿಸಬೇಕು. ಅದಕ್ಕೆ ಶುಲ್ಕವೇ 5,000, ಹಸಿರು ತೆರಿಗೆ ಬೇರೆ. ಆರ್‌ಟಿಓದವರು ಗಾಡಿ ನೋಡಿ ಪಾಸ್ ಮಾಡಿದರೆ ಮತ್ತೆ 5 ವರ್ಷ ಸಿಗುತ್ತದೆ. 15 ವರ್ಷವಾದ ಪೆಟ್ರೋಲ್ ಕಾರು ಓಡಿಸಲೇಬಾರದು ಅನ್ನುವ ನಿಯಮ ನಮ್ಮಲ್ಲಿಲ್ಲ. ಬಿಡುವುದೇ ಆದರೆ ಗುಜರಿಯವನಿಗೆ ಕೊಟ್ಟು ಬರಬೇಡ, ಆರ್‌ಸಿ ನಿನ್ನ ಹೆಸರಲ್ಲೇ ಉಳಿಯುತ್ತದೆ. ಸರ್ಕಾರ ಒಪ್ಪಿದ ಸ್ಕ್ರ್ಯಾಪಿಂಗ್ ಕೇಂದ್ರಕ್ಕೆ ಕೊಟ್ಟು ಕಾರು ಒಪ್ಪಿಸಿದ್ದಕ್ಕೆ ಪುರಾವೆಯಾದ ಸರ್ಟಿಫಿಕೇಟ್ ಆಫ್ ಡೆಪಾಸಿಟ್ ತಗೋ, ಆರ್‌ಸಿ ರದ್ದಾಯಿತಾ ಅಂತಲೂ ನೋಡಿಕೋ.

ನನಗೆ ಜಾಸ್ತಿ ಕಾಡುವುದು ದುಡ್ಡಲ್ಲ. ಈ ಕಾರಿನಲ್ಲಿ ಏರ್‌ಬ್ಯಾಗ್ ಇಲ್ಲ, ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಇಲ್ಲ. ಈಗಿನ ಹೊಸ ಕಾರುಗಳಲ್ಲಿ ಎರಡೂ ಇರಲೇಬೇಕು. ಎಷ್ಟು ಸಾವಿರ ಸುರಿದರೂ ಹಳೇ ಕಾರಿಗೆ ಅವು ಬರುವುದಿಲ್ಲ. ಊರೊಳಗೆ ಆಫೀಸಿಗೆ ಹೋಗಿ ಬರುವುದಕ್ಕೆ ಇದು ಸಾಕು. ವಾರ ವಾರ ಹೆದ್ದಾರಿ, ಘಾಟಿ ಅಂತ ಓಡಾಡುವ ಹೊಸ ಕೆಲಸ ಒಪ್ಪಿಕೊಂಡೆಯಾದರೆ, ಅಡಿಭಾಗ ಎಷ್ಟೇ ಗಟ್ಟಿಯಿರಲಿ, ಬದಲಾಯಿಸಿಬಿಡು. ಮುಂಗಡಕ್ಕೆ ನಾವು ಕೊಡುತ್ತೇವೆ, ಸಂಕೋಚ ಬೇಡ.

ಶನಿವಾರ ಲಿಫ್ಟ್ ಮೇಲೆ ಹಾಕಿಸಿದಾಗ ಫೋಟೊ ತೆಗೆದು ಕಳಿಸು. ಅಲ್ಲಿಯವರೆಗೆ ಎಂಜಿನ್ ಸ್ಟಾರ್ಟ್ ಮಾಡಬೇಡ, ಗ್ಯಾರೇಜಿಗೂ ಟೋ ಮಾಡಿಸಿಕೊಂಡೇ ಹೋಗು. ಹಬ್ಬಕ್ಕೆ ಬಸ್ಸಲ್ಲಿ ಬಾ.

ನಿನ್ನ,
ಅಮ್ಮ
ಶಿವಮೊಗ್ಗ