ಅಂಗಡಿಯಿಂದ ಫೈನಾನ್ಸ್ ಟೇಬಲ್ ತೆಗಿತಾ ಇದ್ದೇವೆ, ಯಾಕೆ ಅಂತ ಓದಿ

ಎಲ್ಲಾ ಗ್ರಾಹಕರಿಗೆ ನಮಸ್ಕಾರ,

ಸ್ವಲ್ಪ ಉದ್ದ ಪತ್ರ, ಚಾ ಕುಡಿತಾ ಓದಿ. ವಿಷಯ ಇಷ್ಟೆ: ಬರುವ ತಿಂಗಳು 1ನೇ ತಾರೀಕಿಂದ ಉಡುಪಿ ಸರ್ವಿಸ್ ಬಸ್‌ಸ್ಟ್ಯಾಂಡ್ ಹತ್ರದ ನಮ್ಮ ಅಂಗಡಿಯಲ್ಲಿ ಫೈನಾನ್ಸ್ ಕಂಪನಿ ಇಎಂಐಯಲ್ಲಿ ಮೊಬೈಲ್ ಸಿಗುದಿಲ್ಲ. ಒಳಗೆ ಬಂದ ಕೂಡ್ಲೆ ಎಡಗಡೆ ಒಂದು ಸಣ್ಣ ಟೇಬಲ್, ಅದರ ಹಿಂದೆ ಟ್ಯಾಬ್ ಹಿಡ್ಕೊಂಡು ಒಬ್ಬ ಹುಡುಗ, ನೀವು ಕಣ್ಣು ಮಿಟುಕಿಸುವುದರೊಳಗೆ ಆಧಾರ್ ಪಾನ್ ಫೋಟೋ ಎಲ್ಲ ತೆಗೆದು ಲೋನ್ ಪಾಸ್ ಮಾಡ್ತಿದ್ದ, ಆ ಟೇಬಲ್ ಇನ್ನು ಇರುದಿಲ್ಲ. ಹುಡುಗ ಒಳ್ಳೆಯವನೇ, ಅವನಿಗೆ ಬೇರೆ ಶೋರೂಮಿಗೆ ಹಾಕಿದ್ದಾರೆ, ಅವನ ಮೇಲೆ ನಮಗೆ ಏನೂ ಬೇಜಾರಿಲ್ಲ.

ಈಗಾಗ್ಲೇ ಕಂತು ಕಟ್ತಾ ಇರುವವರು ತಲೆಬಿಸಿ ಮಾಡ್ಬೇಡಿ, ನಿಮ್ಮದು ಹೇಗುಂಟೋ ಹಾಗೇ ನಡೀತದೆ, ಕಂತು ಹೋಗುದು ಕಂಪನಿಗೆ, ನಮಗಲ್ಲ. ಕೊನೆ ಕಂತು ಮುಗಿದ ಮೇಲೆ ಎನ್‌ಒಸಿ, ಅಂದ್ರೆ ಸಾಲ ಬಾಕಿ ಇಲ್ಲ ಅಂತ ಕಂಪನಿ ಕೊಡುವ ಕಾಗದ, ತೆಗೆಸುದು, ಫೋನಲ್ಲಿರುವ ಲಾಕ್ ಆಪ್ ತೆಗೆಸುದು, ಅದಕ್ಕೆಲ್ಲ ಅಂಗಡಿಗೆ ಬನ್ನಿ, ಕೂತು ಮಾಡಿಸಿ ಕೊಡ್ತೇವೆ. ಎನ್‌ಒಸಿ ತಗೊಳ್ಳದೆ ಬಿಡ್ಬೇಡಿ ಮಾರಾಯ್ರೆ. ದುಡ್ಡು ಪೂರ್ತಿ ಕಟ್ಟಿಯೂ ಎಲ್ಲರ ಸಾಲದ ದಾಖಲೆ ಇಡುವ ಸಿಬಿಲ್‌ನಲ್ಲಿ ಲೋನ್ ಓಪನ್ ಅಂತ ತೋರಿಸಿ ಆಮೇಲೆ ಮನೆ ಲೋನಿಗೆ ಹೋದಾಗ ಬ್ಯಾಂಕಲ್ಲಿ ಸಿಕ್ಕಿಬಿದ್ದವರನ್ನು ನಾವೇ ನೋಡಿದ್ದೇವೆ.

ಇನ್ನು ಯಾಕೆ ಅಂತ.

ಮಲ್ಪೆಯ ನಮ್ಮ ಒಬ್ಬ ಹಳೆ ಗ್ರಾಹಕರು, ಬೋಟಿಗೆ ಹೋಗುವವರು, ಬಿಸು ಹಬ್ಬದ ಸಮಯಕ್ಕೆ ಬಂದು 21,000ದ ಫೋನ್ ತಗೊಂಡ್ರು. 5,000 ಮುಂಗಡ, ಮತ್ತೆ 8 ತಿಂಗಳು ಎರಡೆರಡು ಸಾವಿರ. ಬಡ್ಡಿ ಇಲ್ಲ ಅಂತ ಬೋರ್ಡು. ಮೇ ಕಂತು ಸರಿಯಾಗಿ ಹೋಯ್ತು. ಜೂನ್ 1ರಿಂದ ಜುಲೈ 31ರವರೆಗೆ, ನಿಮಗೆ ಗೊತ್ತುಂಟಲ್ಲ, 61 ದಿನ ಯಾಂತ್ರಿಕ ಬೋಟ್ ಸಮುದ್ರಕ್ಕೆ ಇಳಿಲಿಕ್ಕಿಲ್ಲ. ಬೋಟ್ ಇಲ್ಲದಿದ್ರೆ ಪಾಲಿಲ್ಲ, ಪಾಲಿಲ್ಲದಿದ್ರೆ ಅಕೌಂಟಲ್ಲಿ ಎಂತ ಇರ್ತದೆ? ಜೂನ್ 5ಕ್ಕೆ ಒಂದು ಕಂತು ಬೌನ್ಸ್, ಜುಲೈ 5ಕ್ಕೆ ಇನ್ನೊಂದು. ಪ್ರತಿ ಬೌನ್ಸಿಗೆ ಕಂಪನಿಯ ದಂಡ ಬೇರೆ, ಬ್ಯಾಂಕಿನ ದಂಡ ಬೇರೆ. ಎಲ್ಲ ಸೇರಿ ಎರಡು ಸಾವಿರದ ಹತ್ರ ಬಂತು, ಅಂದ್ರೆ ಇಡೀ ಒಂದು ಕಂತು ಸುಮ್ಮನೆ ಹೋದ ಹಾಗೆ.

ಜುಲೈಯಲ್ಲಿ ಒಂದು ಮಧ್ಯಾಹ್ನ, ಹೊರಗೆ ಎದುರಿನ ಕಟ್ಟಡ ಕಾಣದಷ್ಟು ಮಳೆ, ಅವರು ಫೋನನ್ನು ಹಾಲಿನ ಪ್ಯಾಕೆಟ್ ಕವರಲ್ಲಿ ಸುತ್ತಿ ತಂದ್ರು. ಸ್ಕ್ರೀನಲ್ಲಿ ಕಂತು ಬಾಕಿ ಅಂತ ಒಂದು ಬರಹ, ಕೆಳಗೆ ಕಂಪನಿಗೆ ಕಾಲ್ ಮಾಡುವ ಬಟನ್, ಅಷ್ಟೆ, ಬೇರೆ ಏನೂ ಒತ್ತಲಿಕ್ಕೆ ಆಗುದಿಲ್ಲ. ಕಟ್ಟುವಾ ಅಂದ್ರೆ ಅವರ ಯುಪಿಐ ಇರುದೂ ಅದೇ ಫೋನಲ್ಲಿ! ಕಡೆಗೆ ಅವರು ಬನಿಯನ್ ಒಳಗಿಂದ ಒದ್ದೆ ನೋಟು ತೆಗೆದು ಕೊಟ್ರು, ನಾವು ನಮ್ಮ ಫೋನಿಂದ ಕಟ್ಟಿದ್ವು, ಲಾಕ್ ತೆಗೆದದ್ದು ಮರುದಿನ. ನೋಟನ್ನು ಫ್ಯಾನಿನ ಕೆಳಗೆ ಹರಡಿ ಇಟ್ಟಿದ್ವು, ಒಣಗ್ಲಿಕ್ಕೆ ಸಂಜೆ ಆಯ್ತು. ಆ ಲಾಕ್ ಆಪ್ ಸೆಟ್ ಮಾಡಿ ಕೊಟ್ಟದ್ದು ನಮ್ಮ ಅಂಗಡಿಯವರೇ, ಹೊಸ ಫೋನ್ ಆನ್ ಮಾಡುವಾಗ ಓಕೆ ಓಕೆ ಅಂತ ಒತ್ತುತ್ತಾ ಹೋಗುವಾಗ ಅದೂ ಒಂದು ಓಕೆ. ಕಂತು ತಪ್ಪಿದ್ರೆ ಫೋನ್ ಬಂದ್ ಆಗ್ತದೆ ಅಂತ ನಾವು ಬಾಯಿಬಿಟ್ಟು ಹೇಳಿರ್ಲಿಲ್ಲ. ಅದು ನಮ್ಮ ತಪ್ಪು, ಒಪ್ಪಿಕೊಳ್ತೇವೆ.

ಇವರೊಬ್ಬರೇ ಅಲ್ಲ. ಮೇ ಕೊನೆಗೆ ಬರುವ ಪತ್ತನಾಜೆಗೆ ಆಟ ಮುಗಿಸಿ ಗೆಜ್ಜೆ ಬಿಚ್ಚಿದ ಮೇಲೆ ದೀಪಾವಳಿ ಕಳೆದು ಮೇಳ ಹೊರಡುವವರೆಗೆ ಬೇರೆ ಕೆಲಸ ಹುಡುಕುವ ಯಕ್ಷಗಾನದವರು, ಮಳೆಗಾಲದಲ್ಲಿ ಕೆಲಸ ಅರ್ಧ ಆಗುವ ಪೈಂಟಿಂಗ್‌ನವರು, ಮದುವೆ ಸೀಸನ್ ನಂಬಿದ ಕ್ಯಾಟರಿಂಗ್ ಹುಡುಗರು, ನಮ್ಮ ಗಿರಾಕಿಗಳಲ್ಲಿ ಅರ್ಧಕ್ಕರ್ಧ ಜನ ಹೀಗೇ. ಇವರ ಸಂಪಾದನೆ ಏರಿಳಿತದ್ದು, ಕಂತಿನ ತಾರೀಕು ಮಾತ್ರ ಕಲ್ಲಲ್ಲಿ ಕೆತ್ತಿದ ಹಾಗೆ.

ಇನ್ನೊಂದು ಮುಚ್ಚಿಡುದಿಲ್ಲ, ಪ್ರತಿ ಲೋನಿಗೆ ನಮಗೂ ಕಮಿಷನ್ ಉಂಟು. ಮತ್ತೆ ಕೈಯಲ್ಲಿ 15,000 ಹಿಡ್ಕೊಂಡು ಬಂದವರು ತಿಂಗಳಿಗೆ ಇಷ್ಟೇ ಅಲ್ವಾ ಅಂತ 25,000ದ ಫೋನ್ ತಗೊಂಡು ಹೋಗ್ತಾರೆ, ಅದರಲ್ಲೂ ನಮಗೆ ಲಾಭ. ಆ ಟೇಬಲ್ ತೆಗೆದ್ರೆ ನಮ್ಮ ವ್ಯಾಪಾರ ಇಳಿತದೆ, ಅದು ಗೊತ್ತಿದ್ದೇ ಮಾಡ್ತಾ ಇರುದು. ಮನೆಯಲ್ಲಿ ಅಣ್ಣ ತಮ್ಮ ನಾವಿಬ್ರು ಇದರ ಬಗ್ಗೆ ಒಂದು ವಾರ ಮಾತು ಬಿಟ್ಟದ್ದೂ ಉಂಟು.

ಈಗ ಲೆಕ್ಕಕ್ಕೆ ಬರುವ. ಬಡ್ಡಿ ಇಲ್ಲದ ಇಎಂಐ ಅಂತ ಹೇಳ್ತಾರಲ್ಲ, ಬಡ್ಡಿ ಇಲ್ಲದೆ ಯಾರೂ ಸಾಲ ಕೊಡುದಿಲ್ಲ ಮಾರಾಯ್ರೆ. 18,000ದ ಫೋನ್, 6 ತಿಂಗಳು, ತಿಂಗಳಿಗೆ 3,000 ಅಂತ ಇಟ್ಕೊಳ್ಳಿ, ಕ್ರೆಡಿಟ್ ಕಾರ್ಡಲ್ಲಿ. ಬ್ಯಾಂಕಿನ ಬಡ್ಡಿ ವರ್ಷಕ್ಕೆ ಶೇ. 16 ಆದ್ರೆ ನೀವು ಕಟ್ಟುವ 18,000ದಲ್ಲಿ ಅಸಲು 17,189, ಬಡ್ಡಿ 811. ಆ 811ನ್ನು ಡಿಸ್ಕೌಂಟ್ ಅಂತ ಮೊದಲೇ ಇಳಿಸಿ ಕಾಣದ ಹಾಗೆ ಮಾಡಿರ್ತಾರೆ. ಆದ್ರೆ ಬಡ್ಡಿ ಮೇಲಿನ ಜಿಎಸ್‌ಟಿ ಶೇ. 18, ಅದು ನಿಮ್ಮ ಕಾರ್ಡಿಗೇ ಬೀಳ್ತದೆ, 146 ರೂಪಾಯಿ. ಪ್ರೊಸೆಸಿಂಗ್ ಫೀಸ್ 199 ಅಂತ ಇದ್ರೆ ಜಿಎಸ್‌ಟಿ ಸೇರಿ 235. ಅಲ್ಲಿಗೆ 381 ಆಯ್ತು. ಇದು ದೊಡ್ಡದಲ್ಲ, ಬಿಡಿ. ದೊಡ್ಡದು ಯಾವುದು ಅಂದ್ರೆ ಅದೇ ಫೋನನ್ನು ನೀವು ರೆಡಿ ಕ್ಯಾಶಲ್ಲಿ ತಗೊಂಡಿದ್ರೆ ನಾವು 800 ಕಡಿಮೆ ಮಾಡಿ ಕೊಡ್ತಿದ್ದೆವು, ಇಎಂಐಗೆ ಆ ಡಿಸ್ಕೌಂಟ್ ಇಲ್ಲ, ಯಾಕೆಂದ್ರೆ ಆ ದುಡ್ಡು ಬಡ್ಡಿಗೆ ಹೋಗಿ ಆಯ್ತು. ಒಟ್ಟು ವ್ಯತ್ಯಾಸ 1,200ರ ಹತ್ರ. ಒಂದೂ ಕಂತು ತಪ್ಪದೆ ಕಟ್ಟಿದವರ ಲೆಕ್ಕ ಇದು, ತಪ್ಪಿದವರದ್ದು ಮೇಲೆ ಹೇಳಿ ಆಯ್ತು. ರಿಸರ್ವ್ ಬ್ಯಾಂಕ್ 2013ರಲ್ಲೇ ಶೂನ್ಯ ಬಡ್ಡಿ ಅನ್ನುದು ಬರೀ ಹೆಸರಿಗೆ, ಬಡ್ಡಿ ಬೇರೆ ರೂಪದಲ್ಲಿ ಅಡಗಿರ್ತದೆ ಅಂತ ಬ್ಯಾಂಕ್‌ಗಳಿಗೆ ಬರೆದಿತ್ತು, ಆಮೇಲೆ ಹೆಸರು ಬದಲಾಯ್ತು, ಆಟ ಅದೇ.

ಹೊರಗೆ ಎಲ್ಲಿಯಾದ್ರೂ ಲೋನಲ್ಲಿ ತಗೊಳ್ಳುದೇ ಆದ್ರೆ ಒಂದು ಕಾಗದ ಕೇಳಿ. 2024ರ ಅಕ್ಟೋಬರ್ 1ರಿಂದ ಇಂಥ ಸಾಲ ಕೊಡುವವರು ಕೆಎಫ್‌ಎಸ್ (ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್) ಅಂತ ಒಂದು ಹಾಳೆ ಕೊಡ್ಲೇಬೇಕು, ಬಡ್ಡಿ, ಫೀಸು, ಎಲ್ಲ ಸೇರಿ ವರ್ಷಕ್ಕೆ ಎಷ್ಟು ಪರ್ಸೆಂಟ್ ಬೀಳ್ತದೆ, ತಪ್ಪಿದ್ರೆ ದಂಡ ಎಷ್ಟು, ಎಲ್ಲ ಅದರಲ್ಲಿ ಇರ್ತದೆ, ನಿಮಗೆ ಅರ್ಥ ಆಗುವ ಭಾಷೆಯಲ್ಲಿ ಕೊಡ್ಬೇಕು. ಓದದೆ ಒಟಿಪಿ ಹೇಳ್ಬೇಡಿ.

ಇದರ ಮಧ್ಯ ಒಂದು ಬೇರೆ ವಿಷಯ, ಯಾಕೆಂದ್ರೆ ನಮ್ಮ ಊರಲ್ಲಿ ಇದು ವಾರಕ್ಕೊಮ್ಮೆ ಬರ್ತದೆ. ಮಗ ಅಮೆರಿಕದಲ್ಲಿ, ಅಲ್ಲಿ ಕಾಂಟ್ರಾಕ್ಟಲ್ಲಿ ಫೋನ್ ಬಹಳ ಚೀಪು, ಅಮ್ಮನಿಗೆ ಒಂದು ತಂದಿದ್ದಾನೆ, ಇಲ್ಲಿ ಸಿಮ್ ಹಾಕಿ ಕೊಡಿ ಅಂತ. ಚೀಪು ಅಲ್ಲ ಅಕ್ಕ, ಅಲ್ಲಿ ದೊಡ್ಡ ಕಂಪನಿಗಳು 24 ಇಲ್ಲವೇ 36 ತಿಂಗಳಿಗೆ ಫೋನಿನ ಬೆಲೆಯನ್ನು ಹಂಚಿ ತಿಂಗಳ ಬಿಲ್ಲಿಗೆ ಸೇರಿಸ್ತವೆ. ಪೂರ್ತಿ ಕಟ್ಟುವವರೆಗೆ ಫೋನ್ ಅದೇ ಕಂಪನಿಗೆ ಲಾಕ್ ಆಗಿರುದೂ ಉಂಟು, ಆಗ ನಮ್ಮ ಸಿಮ್ ಕೆಲಸ ಮಾಡುದಿಲ್ಲ. ಐಫೋನ್ ಆದ್ರೆ ತರುವ ಮೊದಲು ಸೆಟ್ಟಿಂಗ್ಸಲ್ಲಿ ಜನರಲ್, ಅಬೌಟ್ ಒತ್ತಿ ಕೆಳಗೆ ಕ್ಯಾರಿಯರ್ ಲಾಕ್ ಅಂತ ಇರುವಲ್ಲಿ ನೋ ಸಿಮ್ ರಿಸ್ಟ್ರಿಕ್ಷನ್ಸ್ ಅಂತ ಉಂಟಾ ನೋಡ್ಲಿಕ್ಕೆ ಹೇಳಿ. ಇನ್ನೊಂದು, ಅಮೆರಿಕದ ಐಫೋನ್ 14ರಿಂದ ಈಚೆಯದ್ದಕ್ಕೆ ಸಿಮ್ ಹಾಕುವ ಜಾಗವೇ ಇಲ್ಲ, ಇ-ಸಿಮ್ ಮಾತ್ರ. ಅದನ್ನು ತಂದು ನಮ್ಮ ಹತ್ರ ಪಿನ್ ಕೊಡಿ, ಟ್ರೇ ತೆಗೆಯುವಾ ಅಂತ ಎಲ್ಲ ಕಡೆ ಹುಡುಕಿದವರು ಇದ್ದಾರೆ, ನಾವೂ ಸುರುವಿಗೆ ಹುಡುಕಿದ್ದೇವೆ. ಇಂಗ್ಲೆಂಡಲ್ಲಿ 2021ರ ಡಿಸೆಂಬರಿಂದ ಕಂಪನಿಗಳು ಲಾಕ್ ಆದ ಫೋನ್ ಮಾರುವ ಹಾಗಿಲ್ಲ, ಅಲ್ಲಿಂದ ಬಂದದ್ದು ಇಷ್ಟು ರಗಳೆ ಇಲ್ಲ.

ಕಾಂಟ್ರಾಕ್ಟ್ ಫೋನ್ ಚೀಪು ಅಂತ ಕಾಣುದು ಹೇಗೆ ಅಂದ್ರೆ, 2008ರಲ್ಲಿ ಐಫೋನ್ 3ಜಿ ಬಂದಾಗ ಅಮೆರಿಕದಲ್ಲಿ 199 ಡಾಲರ್, ಆಗಿನ ಲೆಕ್ಕದಲ್ಲಿ ಒಂಬತ್ತು ಸಾವಿರವೂ ಇಲ್ಲ. ಅದೇ ಫೋನ್ ಆಗಸ್ಟಲ್ಲಿ ಇಲ್ಲಿಗೆ ಬಂದಾಗ 31,000. ಜನ ನಮ್ಮನ್ನು ಕಳ್ಳರ ಹಾಗೆ ನೋಡಿದ್ರು. ಅಲ್ಲಿಯ 199ರ ಹಿಂದೆ ಎರಡು ವರ್ಷ ಬಿಡದೆ ಕಟ್ಟುವ ಬಿಲ್ ಇತ್ತು, ಅದು ಯಾರಿಗೂ ಕಾಣ್ತಿರ್ಲಿಲ್ಲ. ನಮ್ಮಲ್ಲಿ ಆ ಪದ್ಧತಿ ಬೇರು ಬಿಡ್ಲಿಲ್ಲ, ಒಳ್ಳೆದೇ ಆಯ್ತು. ಫೋನ್ ನಮ್ಮದು, ಸಿಮ್ ಅವರದ್ದು, ರೇಟ್ ಸರಿ ಆಗದಿದ್ರೆ 1900ಕ್ಕೆ ಪೋರ್ಟ್ ಅಂತ ಮೆಸೇಜ್ ಹಾಕಿ ಅದೇ ನಂಬರಲ್ಲಿ ಬೇರೆ ಕಂಪನಿಗೆ ಹೋಗುದು, 2011ರಿಂದ ಉಂಟಲ್ಲ ಅದು. ಈಗ ಆ ಕಾಂಟ್ರಾಕ್ಟ್ ಮುಂದಿನ ಬಾಗಿಲಿಂದ ಬಾರದೆ ಫೈನಾನ್ಸ್ ಅಂತ ಹಿಂದಿನ ಬಾಗಿಲಿಂದ ಬಂದ ಹಾಗೆ ನಮಗೆ ಕಾಣ್ತದೆ.

ಹಾಗಾದ್ರೆ ಒಟ್ಟಿಗೆ ಹದಿನೆಂಟು ಸಾವಿರ ಎಲ್ಲಿಂದ ತರುದು ಅಂತ ಕೇಳ್ತೀರಿ. ನ್ಯಾಯವಾದ ಪ್ರಶ್ನೆ. ಕಂತು ಕಟ್ಟುದು ಉಡುಪಿಯವರಿಗೆ ಹೊಸತಲ್ಲ. 1925ರಲ್ಲಿ ಇದೇ ಊರಲ್ಲಿ ಸುರುವಾದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಅಂತ ದಿನಾ ಸ್ವಲ್ಪ ಸ್ವಲ್ಪ ಕಟ್ಟುವ ಉಳಿತಾಯ ತಂದದ್ದು, ಏಜೆಂಟರು ಮನೆ ಬಾಗಿಲಿಗೆ ಬಂದು ದಿನಕ್ಕೆ ಎರಡಾಣೆ ಕೊಟ್ರೂ ಬರೆದುಕೊಂಡು ಹೋಗ್ತಿದ್ರು. ಆ ಬ್ಯಾಂಕ್ 2020ರಲ್ಲಿ ಕೆನರಾ ಬ್ಯಾಂಕಿಗೆ ಸೇರಿ ಆಯ್ತು, ಪಿಗ್ಮಿ ಏಜೆಂಟರು ಮಾತ್ರ ಈಗಲೂ ಸೊಸೈಟಿಗಳ ಮಿಷಿನ್ ಹಿಡ್ಕೊಂಡು ಅಂಗಡಿ ಅಂಗಡಿಗೆ ಬರ್ತಾರೆ, ನಮ್ಮಲ್ಲಿಗೂ ಸಂಜೆ ಆರಕ್ಕೆ ಬರ್ತಾರೆ. ತಿಂಗಳಿಗೆ 3,000 ಅಂದ್ರೆ ದಿನಕ್ಕೆ 100. ಅದೇ ನೂರು ಪಿಗ್ಮಿಗೆ ಹಾಕಿದ್ರೆ 180 ದಿನಕ್ಕೆ 18,000. ಕಟ್ಟುವ ದುಡ್ಡು ಅದೇ, ಫೋನ್ ಕೈಗೆ ಬರುದು ಆರು ತಿಂಗಳು ತಡ. ಆದ್ರೆ ಜೂನ್ ಜುಲೈಯಲ್ಲಿ ಹಾಕ್ಲಿಕ್ಕೆ ಆಗದಿದ್ರೆ ಯಾರೂ ಫೋನ್ ಮಾಡಿ ಬೈಯುದಿಲ್ಲ, ನಿಮ್ಮ ಅಕ್ಕನ ನಂಬರಿಗೆ ಮಾಡಿ ನಿಮ್ಮ ತಮ್ಮ ಎಲ್ಲಿ ಅಂತ ಕೇಳುದಿಲ್ಲ. ಮಧ್ಯದಲ್ಲಿ ತೆಗೆದ್ರೆ ಸ್ವಲ್ಪ ಕಟ್ ಮಾಡುವ ಕಡೆ ಉಂಟು, ಏಜೆಂಟರ ಹತ್ರ ಮೊದ್ಲೇ ಕೇಳಿಕೊಳ್ಳಿ. ಅಂಗಡಿಯಲ್ಲೇ ಚೀಟಿ ಮಾಡಿ ಅಂತ ಕೆಲವರು ಹೇಳಿದ್ರು, ಅದು ನಮ್ಮಿಂದಾಗದು, ಇನ್ನೊಬ್ಬರ ಉಳಿತಾಯದ ದುಡ್ಡು ಇಟ್ಟುಕೊಳ್ಳುವ ಕೆಲಸ ನಮ್ಮದಲ್ಲ.

ಆ ಆರು ತಿಂಗಳು ಹಳೆ ಫೋನ್ ಎಳಿಬೇಕಲ್ಲ, ಅದಕ್ಕೇ ಟೇಬಲ್ ಇದ್ದ ಜಾಗದಲ್ಲಿ ರಿಪೇರಿ ಕೌಂಟರ್ ಹಾಕ್ತೇವೆ. ಫೋನ್ ಹಾಳಾಯ್ತು, ಹೊಸತು ಬೇಕು ಅಂತ ಬರುವವರಲ್ಲಿ ಎಷ್ಟೋ ಜನರಿಗೆ ಬೇಕಾದದ್ದು ಹೊಸ ಬ್ಯಾಟರಿ ಅಷ್ಟೆ, ಇಲ್ಲದಿದ್ರೆ ಚಾರ್ಜಿಂಗ್ ಪಿನ್ನಲ್ಲಿ ಉಪ್ಪು ಗಾಳಿಗೆ ಹಸಿರು ಕಟ್ಟಿರ್ತದೆ, ಬ್ರಷ್ ಹಾಕಿ ಕ್ಲೀನ್ ಮಾಡಿದ್ರೆ ಮುಗೀತು. ಕ್ಲೀನಿಂಗಿಗೆ ದುಡ್ಡು ಬೇಡ.

ಸೆಕೆಂಡ್ ಹ್ಯಾಂಡ್ ಕೂಡ ಇಡ್ತೇವೆ, ಬಿಲ್ ಇದ್ದದ್ದು ಮಾತ್ರ. ನೀವು ಹೊರಗೆ ಹಳೆ ಫೋನ್ ತಗೊಳ್ಳುವುದಾದ್ರೂ *#06# ಒತ್ತಿ ಬರುವ ಐಎಂಇಐ ನಂಬರನ್ನು, ಅಂದ್ರೆ ಫೋನಿನ ಗುರುತಿನ ನಂಬರನ್ನು, ಸರಕಾರದ ಸಂಚಾರ್ ಸಾಥಿ ವೆಬ್‌ಸೈಟಲ್ಲಿ ಹಾಕಿ ನೋಡಿ, ಕದ್ದದ್ದು ಅಂತ ಬ್ಲಾಕ್ ಆಗಿದ್ರೆ ಅಲ್ಲೇ ಗೊತ್ತಾಗ್ತದೆ. ಮತ್ತೆ ಅದರಲ್ಲಿ ಯಾರದ್ದಾದ್ರೂ ಇಎಂಐ ಲಾಕ್ ಬಾಕಿ ಉಂಟಾ ಅಂತಲೂ ಕೇಳಿ.

ಕ್ರೆಡಿಟ್ ಕಾರ್ಡ್ ಇಎಂಐ ನಮ್ಮ ಮಿಷಿನಲ್ಲಿ ಮುಂದೆಯೂ ಉಂಟು. ತಿಂಗಳ ಸಂಬಳ ಸರಿಯಾಗಿ ಬರುವವರಿಗೆ, ಮಣಿಪಾಲದಲ್ಲಿ ಕೆಲಸ ಮಾಡುವವರಿಗೆಲ್ಲ ಅದರಿಂದ ತೊಂದ್ರೆ ಇಲ್ಲ. ಕೆಲಸಕ್ಕೇ ಫೋನ್ ಬೇಕಾದ ಡೆಲಿವರಿ ಹುಡುಗರು, ರಿಕ್ಷಾದವರು ಆರು ತಿಂಗಳು ಕಾಯ್ಲಿಕ್ಕೆ ಆಗುದಿಲ್ಲ ಅನ್ನುದೂ ನಮಗೆ ಗೊತ್ತುಂಟು, ಅವರು ಬಂದ್ರೆ ಹತ್ತು ಸಾವಿರದೊಳಗೆ ಎಂತ ಮಾಡಬಹುದು ಅಂತ ನೋಡುವ. ಕಾರ್ಡಿನವರಿಗೆ ಉಜ್ಜುವ ಮೊದಲು ಒಂದು ಚೀಟಿಯಲ್ಲಿ ಎರಡು ನಂಬರ್ ಬರೆದು ಕೊಡ್ತೇವೆ, ಕ್ಯಾಶಿಗೆ ಇಷ್ಟು, ಕಂತಲ್ಲಿ ಕೊನೆಗೆ ಒಟ್ಟು ಇಷ್ಟು. ಆಮೇಲೆ ನಿಮ್ಮಿಷ್ಟ.

ಬಿಲ್ ಬೇಡ, ಜಿಎಸ್‌ಟಿ ಬಿಟ್ಟು ಕೊಡಿ ಅಂತ ಮಾತ್ರ ಕೇಳ್ಬೇಡಿ. 2020ರ ಏಪ್ರಿಲಲ್ಲಿ ಶೇ. 12 ಇದ್ದದ್ದು 18 ಆಯ್ತು, ನಮಗೂ ಬೇಜಾರೇ, ಆದ್ರೆ ಬಿಲ್ ಇಲ್ಲದ ಫೋನಿಗೆ ವಾರಂಟಿ ತಕರಾರು ಬಂದ್ರೆ ಆಮೇಲೆ ಬೊಬ್ಬೆ ಹಾಕುದು ನಮ್ಮ ಮೇಲೆಯೇ.

ಮಲ್ಪೆಯವರು ಅಕ್ಟೋಬರಲ್ಲಿ ಬಾಕಿ ಕಂತೆಲ್ಲ ಒಟ್ಟಿಗೆ ಕಟ್ಟಿ ಲೋನ್ ಕ್ಲೋಸ್ ಮಾಡಿದ್ರು, ಎನ್‌ಒಸಿ ನಮ್ಮಲ್ಲೇ ಪ್ರಿಂಟ್ ತೆಗೆದು ಲ್ಯಾಮಿನೇಶನ್ ಮಾಡಿ ಕೊಂಡುಹೋದ್ರು. ಲ್ಯಾಮಿನೇಶನ್ ಬೇಡ ಅಂದೆವು, ಕೇಳ್ಲಿಲ್ಲ.

ರಿಪೇರಿ ಕೌಂಟರ್ ಬೆಳಿಗ್ಗೆ 10ರಿಂದ ರಾತ್ರಿ 8, ಆದಿತ್ಯವಾರ ಮಧ್ಯಾಹ್ನದವರೆಗೆ. ಎಕ್ಸ್‌ಚೇಂಜಿಗೆ ಬರುವವರು ಹಳೆ ಫೋನಿನ ಬಿಲ್ ಮತ್ತು ಬಾಕ್ಸ್ ತನ್ನಿ, ಬರುವ ಮೊದಲು ಫೋಟೋಗಳನ್ನು ಬೇರೆ ಕಡೆ ಕಾಪಿ ಮಾಡಿಕೊಳ್ಳಿ.

ನಿಮ್ಮ
ಅಂಗಡಿಯ ಅಣ್ಣ ತಮ್ಮ