ನೂರೊಂದು ಅಂಕಗಳ ಋಣ

2014ರಲ್ಲಿ ಇಂಗ್ಲೆಂಡಿನ ಲೂಟನ್ ಟೌನ್ ಮತ್ತೆ ಫುಟ್‌ಬಾಲ್ ಲೀಗಿನ, ಅಂದರೆ ಪ್ರೀಮಿಯರ್ ಲೀಗಿನ ಕೆಳಗಿನ ಮೂರು ದರ್ಜೆಗಳ ಕೂಟದ, ತಂಡವಾಯಿತು. ಈ ಒಂದು ವಾಕ್ಯ ಬರೆಯಲು ಐದು ವರ್ಷ ಕಾದಿದ್ದೆವು. 2013-14ರ ಋತುವಿನಲ್ಲಿ ಆಡಿದ್ದು 46 ಪಂದ್ಯ, ಗೆದ್ದದ್ದು 30, ಸೋತದ್ದು ಐದೇ ಐದು. 101 ಅಂಕ, 102 ಗೋಲು. ಎರಡನೇ ಸ್ಥಾನದ ಕೇಂಬ್ರಿಜ್ ಯುನೈಟೆಡ್ ನಮಗಿಂತ 19 ಅಂಕ ಹಿಂದೆ ಉಳಿಯಿತು. ಕುಣಿದದ್ದು, ಕೂಗಿದ್ದು ಎಲ್ಲ ಆಯಿತು. ಈಗ ಸಲ್ಲಬೇಕಾದವರಿಗೆ ಕೃತಜ್ಞತೆ ಸಲ್ಲಿಸಬೇಕು.

ನಾನು ಈ ಊರಿಗೆ ಬಂದು ನೆಲೆಸಿದ ಕನ್ನಡಿಗ. ಇಂಗ್ಲೆಂಡಿನಲ್ಲಿದ್ದುಕೊಂಡು ಐದನೇ ದರ್ಜೆಯ ತಂಡದ ಹಿಂದೆ ಏಕೆ ಅಲೆಯುತ್ತೀರಿ ಎಂದು ಕೇಳುತ್ತಿದ್ದ ಗೆಳೆಯರಿಗಾಗಿ ಸ್ವಲ್ಪ ಹಿನ್ನೆಲೆ ಹೇಳುತ್ತೇನೆ. 2008-09ರ ಋತುವನ್ನು ಲೂಟನ್ ಆರಂಭಿಸಿದ್ದೇ 30 ಅಂಕಗಳ ಕಡಿತದೊಂದಿಗೆ. ಹಿಂದಿನ ಆಡಳಿತದ ಕಾಲದಲ್ಲಿ ಏಜೆಂಟರಿಗೆ ಹಣ ಸಂದಾಯವಾದ ರೀತಿ ಸರಿಯಿರಲಿಲ್ಲವೆಂದು ಹತ್ತು ಅಂಕ. ದಿವಾಳಿ ಪ್ರಕ್ರಿಯೆಯಿಂದ ಹೊರಬಂದ ಬಗೆ ನಿಯಮಕ್ಕೆ ಒಪ್ಪಲಿಲ್ಲವೆಂದು ಇಪ್ಪತ್ತು. ಹುಡುಗರು ಮೈದಾನದಲ್ಲಿ ಬೆವರು ಸುರಿಸಿ 56 ಅಂಕ ಗಳಿಸಿದರು. ಪಟ್ಟಿಯಲ್ಲಿ ಉಳಿದದ್ದು 26. ಕೊನೆಯ ಸ್ಥಾನ ಗತಿಯಾಗಿ ತಂಡ ಲೀಗಿನಿಂದಲೇ ಹೊರಬಿತ್ತು. ಆ ತಪ್ಪುಗಳಲ್ಲಿ ಆಡಿದವರ ಪಾಲೂ ಇರಲಿಲ್ಲ, ಟಿಕೆಟ್ ಕೊಂಡು ನೋಡಿದವರ ಪಾಲೂ ಇರಲಿಲ್ಲ.

2009ರ ಏಪ್ರಿಲ್‌ನಲ್ಲಿ ತರಬೇತುದಾರ ಮಿಕ್ ಹಾರ್ಫರ್ಡ್ ಅವರ ನಮ್ಮ ತಂಡ ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ ಸ್ಕನ್‌ಥೋರ್ಪ್ ಎದುರು ಹೆಚ್ಚುವರಿ ಅವಧಿಯಲ್ಲಿ 3-2ರಿಂದ ಗೆದ್ದು ಫುಟ್‌ಬಾಲ್ ಲೀಗ್ ಟ್ರೋಫಿಯನ್ನು ಎತ್ತಿ ಹಿಡಿಯಿತು. ಸುಮಾರು 40,000 ಮಂದಿ ಲೂಟನ್ ಅಭಿಮಾನಿಗಳು ಅಲ್ಲಿದ್ದರು. ತಂಡ ಲೀಗಿನಿಂದ ಜಾರುತ್ತಿದೆ ಎಂದು ಗೊತ್ತಿದ್ದೂ ಹೊರಟು ಬಂದ ಆ ಜನಕ್ಕೆ ನನ್ನ ಮೊದಲ ನಮಸ್ಕಾರ.

ಅದಕ್ಕಿಂತ ದೊಡ್ಡ ನಮಸ್ಕಾರ ಆಮೇಲಿನ ವರ್ಷಗಳಲ್ಲೂ ಬಿಡದೆ ಬಂದವರಿಗೆ. ಐದನೇ ದರ್ಜೆಯಾದ ಕಾನ್ಫರೆನ್ಸ್ ಪ್ರೀಮಿಯರ್‌ನಿಂದ ನೇರವಾಗಿ ಮೇಲೇರುವ ಅವಕಾಶ ಆಗ ಒಂದೇ ತಂಡಕ್ಕಿತ್ತು. ಇನ್ನೊಂದು ಜಾಗಕ್ಕಾಗಿ ನಾಲ್ಕು ತಂಡಗಳು ಪ್ಲೇ-ಆಫ್‌ನಲ್ಲಿ ಕಾದಾಡಬೇಕಿತ್ತು. ಆ ಪ್ಲೇ-ಆಫ್ ನಮ್ಮನ್ನು ಕಾಡಿದಷ್ಟು ಬೇರೇನೂ ಕಾಡಿಲ್ಲ. 2010ರಲ್ಲಿ ಸೆಮಿಫೈನಲ್‌ನಲ್ಲಿ ಯಾರ್ಕ್ ಸಿಟಿಗೆ ಸೋತೆವು. 2011ರ ಫೈನಲ್‌ನಲ್ಲಿ ಎಎಫ್‌ಸಿ ವಿಂಬಲ್ಡನ್ ಎದುರು ಗೋಲಿಲ್ಲದ ಪಂದ್ಯ ಪೆನಾಲ್ಟಿಗಳಲ್ಲಿ ಕೈತಪ್ಪಿತು. 2012ರ ಫೈನಲ್‌ನಲ್ಲಿ ಮತ್ತೆ ಯಾರ್ಕ್. 2013ರಲ್ಲಿ ಪ್ಲೇ-ಆಫ್‌ವರೆಗೂ ಹೋಗಲಾಗಲಿಲ್ಲ. ಇಷ್ಟಾದರೂ ನಮ್ಮ ಮೈದಾನ ಕೆನಿಲ್‌ವರ್ತ್ ರೋಡ್‌ನ ಗ್ಯಾಲರಿಗಳಲ್ಲಿ ಸಾವಿರಾರು ಜನ ಕೂರುತ್ತಲೇ ಇದ್ದರು. ನನ್ನ ಪಕ್ಕದ ಆಸನದ ಹಿರಿಯರು ಸೋತ ದಿನಗಳಲ್ಲೂ ಕೊನೆಯ ಸೀಟಿಯವರೆಗೆ ಕುಳಿತಿದ್ದು, ಆಟಗಾರರು ಒಳಗೆ ಹೋಗುವ ತನಕ ಚಪ್ಪಾಳೆ ತಟ್ಟಿಯೇ ಏಳುತ್ತಿದ್ದರು. ಹೊಸಬನಾದ ನನಗೆ ಈ ಕ್ಲಬ್ಬಿನ ಚರಿತ್ರೆಯನ್ನು ಹೇಳಿಕೊಟ್ಟವರು ಅವರು. ಟೋಪಿ ತಯಾರಿಕೆಗೆ ಹೆಸರಾಗಿದ್ದ ಊರಿನ ತಂಡವಾದ್ದರಿಂದಲೇ ನಮ್ಮವರನ್ನು ‘ಹ್ಯಾಟರ್ಸ್’ ಎನ್ನುತ್ತಾರೆಂದು ತಿಳಿದದ್ದೂ ಅವರಿಂದಲೇ. ಅವರ ಉಪಕಾರ ದೊಡ್ಡದು.

ತರಬೇತುದಾರ ಜಾನ್ ಸ್ಟಿಲ್ ಅವರಿಗೆ ಏನು ಹೇಳಲಿ! 2013ರ ಫೆಬ್ರುವರಿಯಲ್ಲಿ ಅವರು ಬಂದಾಗ ಇಲ್ಲಿ ದಣಿವೇ ತುಂಬಿತ್ತು. ಮೇಡ್‌ಸ್ಟನ್, ಡ್ಯಾಗೆನಮ್ ಅಂಡ್ ರೆಡ್‌ಬ್ರಿಜ್ ತಂಡಗಳನ್ನು ಇದೇ ಹಂತದಿಂದ ಲೀಗಿಗೆ ಏರಿಸಿದ್ದ ಅವರಿಗೆ ನಾವು ಮೂರನೆಯವರು. ಮೂರು ಬೇರೆ ಬೇರೆ ಕ್ಲಬ್ಬುಗಳೊಂದಿಗೆ ಈ ಸಾಧನೆ ಮಾಡಿದ ಮೊದಲ ತರಬೇತುದಾರ ಅವರೇ. 2013-14ರ ಋತುವಿನ ಆರಂಭದಲ್ಲಿ ತಂಡ ತಡವರಿಸಿದಾಗಲೂ ಅವರು ಗಾಬರಿಯಾಗಲಿಲ್ಲ. ಆಮೇಲೆ ಲೀಗಿನಲ್ಲಿ ಸತತ 27 ಪಂದ್ಯಗಳಲ್ಲಿ ಸೋಲೇ ಇಲ್ಲ. ಕ್ಲಬ್ಬಿನ ದಾಖಲೆ ಅದು. ಮೂರು ಪಂದ್ಯ ಬಾಕಿ ಇರುವಾಗಲೇ ಪ್ರಶಸ್ತಿ ನಮ್ಮದಾಯಿತು. ಪ್ಲೇ-ಆಫ್‌ನ ಆ ಹೊಸ್ತಿಲನ್ನು ಮತ್ತೆ ತುಳಿಯದಂತೆ ಮಾಡಿದ್ದಕ್ಕೇ ಅವರಿಗೆ ಜೀವಮಾನವಿಡೀ ಋಣಿ.

ಹಿಂಕ್ಲಿ ಯುನೈಟೆಡ್‌ನಂಥ ಪುಟ್ಟ ತಂಡದಿಂದ ಬಂದು ಲೀಗಿನಲ್ಲಿ 30 ಗೋಲು ಬಾರಿಸಿದ ಆಂಡ್ರೆ ಗ್ರೇ, ಗೋಲ್‌ಕೀಪರ್ ಮಾರ್ಕ್ ಟೈಲರ್, ಅವರ ಮುಂದೆ ಗೋಡೆಯಾಗಿ ನಿಂತ ಸ್ಟೀವ್ ಮೆಕ್‌ನಲ್ಟಿ, ಎಲ್ಲರಿಗೂ ವಂದನೆ. ಆದರೆ ನನ್ನ ಮನಸ್ಸು ಹೆಚ್ಚು ವಾಲುವುದು ಜೇಕ್ ಹಾವೆಲ್ಸ್ ಕಡೆಗೆ. ನಮ್ಮದೇ ಯುವ ತಂಡದಲ್ಲಿ ಬೆಳೆದ ಹುಡುಗ. ಲೀಗಿನಿಂದ ಹೊರಬಿದ್ದಾಗಲೂ ಇದೇ ಅಂಗಿ, ಮರಳಿ ಬಂದಾಗಲೂ ಇದೇ ಅಂಗಿ. ನಡುವಿನ ಐದು ವರ್ಷಗಳಲ್ಲಿ ಬಂದು ಹೋದ ಆಟಗಾರರು, ತರಬೇತುದಾರರು ಎಷ್ಟೋ ಮಂದಿ. ಉಳಿದುಕೊಂಡವನಿಗೆ ಪದಕ ಸಿಕ್ಕಿದ್ದು ನನಗೆ ಅತಿ ಹೆಚ್ಚು ಸಂತೋಷ ಕೊಟ್ಟಿತು.

ಇನ್ನೊಂದು ಮಾತು ಹೇಳಲೇಬೇಕು. ಈ ಐದು ವರ್ಷಗಳನ್ನು ನರಕವಾಸ ಎಂದು ಬಣ್ಣಿಸುವ ನಮ್ಮವರನ್ನು ನಾನು ಒಪ್ಪುವುದಿಲ್ಲ. ಬ್ರೇನ್‌ಟ್ರಿ, ಹೈಡ್, ಟ್ಯಾಮ್‌ವರ್ತ್, ಆಲ್‌ಫ್ರೆಟನ್, ಸೌತ್‌ಪೋರ್ಟ್ ತಂಡಗಳ ಚಿಕ್ಕ ಮೈದಾನಗಳಿಗೆ ನಾವು ಗುಂಪುಗುಂಪಾಗಿ ಹೋದಾಗ ಆತಿಥ್ಯಕ್ಕೆ ಕೊರತೆ ಇರಲಿಲ್ಲ. ಸಂಬಳವಿಲ್ಲದೆ ಬಾಗಿಲಲ್ಲಿ ಟಿಕೆಟ್ ಹರಿಯುವವರು, ಮಳೆಯಲ್ಲಿ ನೆನೆದು ಮೈದಾನ ಸಿದ್ಧಪಡಿಸುವವರು, ಎದುರಾಳಿಯ ಅಭಿಮಾನಿಗೂ ಬಿಸಿ ಚಹಾ ನೀಡುವವರು ಅಲ್ಲಿ ಕ್ಲಬ್ಬನ್ನು ನಡೆಸುತ್ತಾರೆ. ಫುಟ್‌ಬಾಲ್ ಯಾರ ದುಡಿಮೆಯಿಂದ ಬದುಕಿದೆ ಎಂದು ನಾನು ಕಂಡದ್ದು ಅಲ್ಲಿ. ಅವರೆಲ್ಲರಿಗೂ ಧನ್ಯವಾದ, ಅವರ ತಂಡಗಳಿಗೂ ಒಳ್ಳೆಯದಾಗಲಿ.

ನಮ್ಮ ಮೈದಾನಕ್ಕೆ ಅಂಟಿಕೊಂಡ ಓಕ್ ರೋಡ್‌ನ ಮನೆಗಳವರನ್ನೂ ನೆನೆಯುತ್ತೇನೆ. ಎದುರು ತಂಡದ ಅಭಿಮಾನಿಗಳು ಕ್ರೀಡಾಂಗಣದೊಳಗೆ ಬರುವುದು ಅವರ ಮನೆಗಳ ಸಾಲಿನ ನಡುವಿನ ಬಾಗಿಲಿನಿಂದ. ಹತ್ತುವ ಮೆಟ್ಟಿಲುಗಳಿರುವುದು ಅವರ ಹಿತ್ತಲುಗಳ ಮೇಲೆ. ಪಂದ್ಯದ ದಿನ ಆ ಗದ್ದಲ, ಆ ಹಾಡು, ಗಾಡಿ ನಿಲ್ಲಿಸಲು ಜಾಗವಿಲ್ಲದ ಪಾಡು ಎಲ್ಲವನ್ನೂ ಸಹಿಸುವ ನೆರೆಹೊರೆಯಿಲ್ಲದೆ ಈ ಮೈದಾನವಿಲ್ಲ.

ಕೊನೆಯದಾಗಿ, ಕ್ಲಬ್ಬು ಕುಸಿದಿದ್ದಾಗ ಕೊಂಡು ಕೈಹಿಡಿದ ‘ಲೂಟನ್ ಟೌನ್ 2020’ ಮಾಲೀಕರ ಬಳಗಕ್ಕೆ. ತಂಡ ಗೆಲ್ಲುತ್ತಿದ್ದ 2014ರ ಮಾರ್ಚ್‌ನಲ್ಲಿ ಅವರು ಇನ್ನೊಂದು ಕೆಲಸ ಮಾಡಿದರು: ಕ್ಲಬ್ಬಿನ ಹೆಸರು, ಅಡ್ಡಹೆಸರು, ಬಣ್ಣ, ಲಾಂಛನ ಇವುಗಳಲ್ಲಿ ಯಾವುದನ್ನೇ ಬದಲಿಸಲು ಹೊರಟರೂ ತಡೆಯುವ ಕಾನೂನುಬದ್ಧ ಹಕ್ಕನ್ನು ಅಭಿಮಾನಿಗಳ ‘ಟ್ರಸ್ಟ್ ಇನ್ ಲೂಟನ್’ ಕೈಗೆ ಒಪ್ಪಿಸಿದರು. ನಾಳೆ ಮಾಲೀಕರು ಬದಲಾದರೂ ಆ ಹಕ್ಕು ನಮ್ಮಲ್ಲೇ ಇರುತ್ತದೆ. ಬಡ್ತಿಯಷ್ಟೇ ದೊಡ್ಡ ಗೆಲುವೆಂದು ನಾನು ಇದನ್ನು ಎಣಿಸುತ್ತೇನೆ. ಇದಕ್ಕೆ ಸಹಿ ಹಾಕಿದ ಪ್ರತಿಯೊಬ್ಬರಿಗೂ ಹೃತ್ಪೂರ್ವಕ ವಂದನೆಗಳು.